ಗಂಜಿ, ಜೇನುಮೇಣ ಮತ್ತು ಸಿಗಡಿ ಉಪ್ಪಿನಕಾಯಿ

ಒದ್ದೆಯಾಗದ ಕಾಗದದ ಪೆಟ್ಟಿಗೆ ಮಾಡುವುದು ತನಗೆ ಎಡಗೈ ಕೆಲಸ ಎಂದು ಮಾವಳ್ಳಿಯ ನಾರಾಯಣ ಮಾಸ್ತರರು ಘೋಷಿಸಿಬಿಟ್ಟರು. ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದವರು, ಕೇಳಬೇಕೇ!

ಕಾರಣ ಅವರ ಹೆಂಡತಿ ದೇವಿ. ಎರಡು ವರ್ಷ ಮನೆಬಾಗಿಲಲ್ಲೇ ಸಿಗಡಿ ಉಪ್ಪಿನಕಾಯಿ ಮಾರಿದವಳಿಗೆ ಹೊನ್ನಾವರದ ಲೋಕೇಶ ತನ್ನ ಅಂಗಡಿಯಲ್ಲಿ ಒಂದು ಕಪಾಟು ಬಿಟ್ಟುಕೊಡಲು ಒಪ್ಪಿದ್ದ. ಪ್ಲಾಸ್ಟಿಕ್ ಮಾತ್ರ ಬೇಡ ಅಂದಿದ್ದ. ಆ ಕಪಾಟಿನ ಮೇಲೆ ದೇವಿಗೆ ಬಹಳ ಆಸೆಯಿತ್ತು.

ಮಾಸ್ತರರು ಕೆಲಸಕ್ಕಿಳಿದರು. ಕಾಗದವೆಂದರೆ ನಾರು, ನಾರಿನ ನಡುವೆ ಸಂದು, ಸಂದಿಗೆ ನೀರೆಂದರೆ ಪ್ರಾಣ. ಪಂಚೆಗೆ ಹಾಕುವ ಗಂಜಿಯನ್ನೇ ಬಳಿದು ಸಂದು ಮುಚ್ಚಿದರು. ಮೇಲೆ ಜೇನುಮೇಣ ಸವರಿದರು. ನೀರು ತುಂಬಿಟ್ಟರೆ ಮೂರು ದಿನವಾದರೂ ತೊಟ್ಟು ಸೋರಲಿಲ್ಲ. ಊರವರನ್ನೆಲ್ಲ ಕರೆದು ತೋರಿಸಿದರು.

ಹನ್ನೆರಡು ಪೆಟ್ಟಿಗೆ ಉಪ್ಪಿನಕಾಯಿ ತೊಡೆಯ ಮೇಲಿಟ್ಟುಕೊಂಡು ತಾವೇ ಬಸ್ಸು ಹತ್ತಿದರು. ಮಂಕಿ ಬರುವಷ್ಟರಲ್ಲಿ ಪಕ್ಕದವನು ಮೂಗು ಮುಚ್ಚಿ ಎದ್ದುಹೋದ. ಹೊನ್ನಾವರದಲ್ಲಿ ಇಳಿದಾಗ ಬಿಳಿ ಪಂಚೆ ಕೆಂಪಗಾಗಿತ್ತು. ಮೇಣವೂ ಉಪ್ಪಿನಕಾಯಿಯ ಎಣ್ಣೆಯೂ ಒಂದೇ ಕುಲದವು, ಎಣ್ಣೆ ಕಂಡರೆ ಮೇಣ ಮೆತ್ತಗಾಗುತ್ತದೆ. ಕಾಗದ ಮಡಚಿದಲ್ಲೆಲ್ಲ ಮೇಣ ಬಿರುಕು ಬೇರೆ ಬಿಟ್ಟಿತ್ತು. ಲೋಕೇಶ ನಗಲಿಲ್ಲ. ಭಾನುವಾರದೊಳಗೆ ಸರಿಯಾದದ್ದು ಬರದಿದ್ದರೆ ಕಪಾಟು ಬೇರೆಯವರಿಗೆ ಎಂದ.

"ನೀರು ಹಾಕಿ ನೋಡಿದ್ರಿ. ನಾ ಎಂತ ನೀರು ಮಾರ್ತೇನಾ?" ಎಂದಳು ದೇವಿ, ಅವರು ಮನೆಗೆ ಮರಳಿದಾಗ.

ಮಾಸ್ತರರಿಗೆ ನಾಚಿಕೆಯಾಯಿತು. ಒಳಗೊಂದು ಪ್ಲಾಸ್ಟಿಕ್ ಪದರ ಅಂಟಿಸಿದ್ದರೆ ಕ್ಷಣದಲ್ಲಿ ಮುಗಿಯುತ್ತಿತ್ತು. ಆದರೆ ಕಾಗದಕ್ಕೆ ಅಂಟಿದ ಅದನ್ನು ಮತ್ತೆ ಬಿಡಿಸುವವರು ಯಾರು? ಕಸವಾದ ಮೇಲೆ ಅದು ಇತ್ತ ಕಾಗದವೂ ಅಲ್ಲ, ಅತ್ತ ಪ್ಲಾಸ್ಟಿಕ್ಕೂ ಅಲ್ಲ. ಆ ಮೋಸ ಅವರಿಗೆ ಒಗ್ಗಲಿಲ್ಲ. ಗಂಜಿ ದಪ್ಪ ಮಾಡಿದರು, ಕಾಗದ ಎರಡು ಪದರ ಮಾಡಿದರು, ಮೊಟ್ಟೆಯ ಬಿಳಿ ಬಳಿದರು. ಎಲ್ಲವೂ ಸೋರಿದವು. ಮೊಟ್ಟೆಯದ್ದನ್ನು ಬೆಕ್ಕು ತಿಂದಿತು.

ಭಾನುವಾರ ಎದ್ದಾಗ ದೇವಿ ಮನೆಯಲ್ಲಿರಲಿಲ್ಲ. ಮಧ್ಯಾಹ್ನ ಹೊನ್ನಾವರದಿಂದ ಖಾಲಿ ಚೀಲ ಹಿಡಿದು ಬಂದಳು. ಕಪಾಟು ಸಿಕ್ಕಿತ್ತು, ಇನ್ನೂ ಐವತ್ತು ಪೆಟ್ಟಿಗೆಗೆ ಬೇಡಿಕೆಯೂ ಬಂದಿತ್ತು. ಮಾಸ್ತರರು ಕುರ್ಚಿಯಿಂದ ಜಿಗಿದೆದ್ದು, ತಮ್ಮ ಯಾವ ಲೇಪ ಗೆದ್ದಿತು ಎಂದು ಕೇಳಿದರು.

"ಯಾವ್ದೂ ಅಲ್ಲ. ನೀವು ಎಂತದೂ ಬಳಿಯದೆ ಬಿಟ್ಟ ಪೆಟ್ಟಿಗೆಗಳು ಇದ್ವಲ್ಲ, ಅದ್ರಲ್ಲಿ ಒಣ ಸಿಗಡಿ ಚಟ್ನಿಪುಡಿ ತುಂಬಿದೆ. ಪುಡಿ ಸೋರೂದಿಲ್ಲ," ಎಂದಳು ದೇವಿ. ಆಮೇಲೆ ಗಂಡನ ಮುಖ ನೋಡಿ, ದನಿ ತಗ್ಗಿಸಿ ಹೇಳಿದಳು: "ಪೆಟ್ಟಿಗೆ ಚಂದ ಮಡಚ್ತೀರಿ. ಐವತ್ತೂ ನೀವೇ ಮಡಚಿ. ಮತ್ತೆಂತದೂ ಕಂಡುಹಿಡಿಯೂಕೆ ಹೋಗ್ಬೇಡಿ, ಆತಾ?"