ಹೆಬ್ಬಾಳದಲ್ಲೊಂದು ಕಲಗಚ್ಚಿನ ಸಮುದ್ರ

ಬಂಗಾಳ ಕೊಲ್ಲಿಯನ್ನು ಗಾಜಿನ ಜಾಡಿಗಳಿಗೆ ತುಂಬಿ, ಬಿರಡೆ ಜಡಿದು, ಸಮುದ್ರವಿಲ್ಲದ ಊರುಗಳ ಬಡಪಾಯಿಗಳಿಗೆ ರೈಲಿನಲ್ಲಿ ರವಾನಿಸುತ್ತಿರುವ ಮದರಾಸಿನ ‘ಕಡಲಸಿರಿ ಗೃಹಸಮುದ್ರ ಕಂಪನಿ’ಯ ಘನತೆವೆತ್ತ ವ್ಯವಸ್ಥಾಪಕರ ಸನ್ನಿಧಿಗೆ, ಹೆಬ್ಬಾಳ ಗ್ರಾಮದ ವಾಸಿಯೂ ಯಶವಂತಪುರ ರೈಲ್ವೆ ಗೂಡ್ಸ್ ಶೆಡ್ಡಿನ ಗುಮಾಸ್ತನೂ ಆದ ಮುನಿವೆಂಕಟಯ್ಯ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ಈ ಕಡೆ ನಾನು, ನನ್ನ ಹೆಂಡತಿ, ನನ್ನ ತಾಯಿ ಮತ್ತು ಎರಡು ಹಸುಗಳು ಕ್ಷೇಮ. ತಾವು ಕಳಿಸಿಕೊಟ್ಟ ಸಮುದ್ರಕ್ಕೆ ಮಾತ್ರ ಮೈ ಸರಿಯಿಲ್ಲ. ಈ ಸಂಗತಿಯನ್ನು ಹಿಂದೆ ಹಲವು ಸಲ ಖಾಸಗಿಯಾಗಿ ನಿವೇದಿಸಿಕೊಂಡಿದ್ದೆ. ಪ್ರತಿ ಸಲವೂ ತಾವು ಎರಡು ಸಾಲಿನ ಉಪದೇಶವನ್ನೂ ಒಂದು ಬಣ್ಣದ ಕ್ಯಾಟಲಾಗನ್ನೂ ಮರುಟಪಾಲಿಗೇ ಕಳಿಸುವ ಸೌಜನ್ಯ ತೋರಿದ್ದೀರಿ. ಇಂಥ ಸೌಜನ್ಯವನ್ನು ನಾನೊಬ್ಬನೇ ಅನುಭವಿಸುವುದು ಸ್ವಾರ್ಥವಾದೀತೆಂದು ಈ ಸಲದ ಪತ್ರವನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ನಾನು ಈ ಉಸಾಬರಿಗೆ ಯಾಕೆ ಕೈಹಾಕಿದೆ ಎಂಬುದನ್ನು ಮೊದಲು ಹೇಳಬೇಕು. ನಮ್ಮ ತಾಯಿ ಸೊಣ್ಣಮ್ಮನವರ ಕಣ್ಣಿನ ನರ ಸೊರಗುತ್ತಿದೆ, ಇನ್ನೊಂದು ವರ್ಷ ಕಂಡರೆ ಅವರ ಪುಣ್ಯ ಎಂದು ಡಾಕ್ಟರು ಹೇಳಿದರು. ಅದನ್ನು ಕೇಳಿ ನಾನು ಕಣ್ಣೀರು ಹಾಕಿದೆ, ಅವರು ಹಾಕಲಿಲ್ಲ. ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಾ, “ಸಮುದ್ರ ಅಂದ್ರೆ ಎಂಗಿರ್ತದಪ್ಪಾ, ನಮ್ಮ ಕೆರೆಗಿಂತ ದೊಡ್ಡದಾ? ಒಂದ್ಸಲ ನೋಡ್ಬೇಕಿತ್ತು” ಎಂದರು. ನಾನು ರೈಲ್ವೆ ನೌಕರ, ಪಾಸು ಜೇಬಿನಲ್ಲೇ ಇದೆ, ನಾಳೆಯೇ ಹೊರಡೋಣ ಎಂದೆ. “ನಾನು ಬಂದ್ಬುಟ್ರೆ ಅಸ ಯಾರ್ ಕರೀತಾರೆ? ಇವು ಇನ್ನೊಬ್ಬರ ಕೈಗೆ ಸೊರೆ ಬಿಡಾಕಿಲ್ಲ” ಎಂದು ಮಾತು ಮುಗಿಸಿದರು. ಅದೇ ವಾರ ಪತ್ರಿಕೆಯಲ್ಲಿ ‘ನೀವು ಸಮುದ್ರಕ್ಕೆ ಹೋಗಬೇಕಿಲ್ಲ, ಸಮುದ್ರವೇ ನಿಮ್ಮ ಮನೆಗೆ ಬರುತ್ತದೆ’ ಎಂಬ ತಮ್ಮ ಜಾಹೀರಾತು ಕಂಡಾಗ, ದೇವರು ಮದರಾಸಿನಲ್ಲಿ ಆಫೀಸು ತೆರೆದಿದ್ದಾನೆಂದೇ ನಾನು ಭಾವಿಸಿದೆ.

ಸಮುದ್ರ ಬಂತು. ಹುಲ್ಲು ಸುತ್ತಿದ ಜಾಡಿಗಳು, ಮರಳಿನ ಚೀಲ, ಹವಳದ ಕಲ್ಲು, ಕಬ್ಬಿಣದ ಚೌಕಟ್ಟಿನ ಗಾಜಿನ ತೊಟ್ಟಿ, ಗಾಳಿ ಊದುವ ಮೋಟಾರು, ಇವೆಲ್ಲದರ ನಡುವೆ ಅಗಲ ಬಾಯಿಯ ಜಾಡಿಯೊಂದರಲ್ಲಿ ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಒಂದೇ ಒಂದು ಮೀನು. ರೈಲ್ವೆಯ ಸರಕುಪಟ್ಟಿಯಲ್ಲಿ ಸಮುದ್ರ ಎಂಬ ಬಾಬು ಇಲ್ಲದ ಕಾರಣ ನನ್ನ ಸಹೋದ್ಯೋಗಿ ಅಶ್ವತ್ಥಪ್ಪನವರು ಬಹಳ ಹೊತ್ತು ತಲೆ ಕೆರೆದುಕೊಂಡು, ಕೊನೆಗೆ ‘ಉಪ್ಪಿನಕಾಯಿ, ಹೋಳುಗಳಿಲ್ಲದ್ದು’ ಎಂದು ಬರೆದು ಸರಕನ್ನು ಬಿಡುಗಡೆ ಮಾಡಿದರು. ತಮ್ಮ ಉತ್ಪನ್ನದ ಬಗ್ಗೆ ಇಷ್ಟು ನಿಖರವಾದ ವರ್ಣನೆ ತಮ್ಮ ಕ್ಯಾಟಲಾಗಿನಲ್ಲೂ ಇಲ್ಲ.

‘ಚೆನ್ನಾಗಿ ತೊಳೆದ ಮರಳು’ ಎಂದು ಚೀಲದ ಮೇಲೆ ಅಚ್ಚಾಗಿತ್ತು. ತಮ್ಮ ಮಾತನ್ನು ನಂಬಿ ಹಾಗೇ ಸುರಿದು, ಮೇಲೆ ಸಮುದ್ರವನ್ನು ಹುಯ್ದೆವು. ಕ್ಷಣದಲ್ಲೇ ತೊಟ್ಟಿಯ ನೀರು ನಾವು ಹಸುವಿಗೆ ಇಡುವ ಕಲಗಚ್ಚಿನ ಬಣ್ಣಕ್ಕೆ ತಿರುಗಿತು. ಅಮ್ಮ ಮಣೆ ಹಾಕಿಕೊಂಡು ಎದುರಿಗೆ ಕುಳಿತರು. ಬಗ್ಗಿ ನೋಡಿದರು, ಎದ್ದು ನೋಡಿದರು, ಪಕ್ಕದಿಂದ ನೋಡಿದರು. “ಕತ್ತಲಾಯ್ತಾ?” ಎಂದು ಕೇಳಿದರು. ಹೊರಗೆ ಮಟಮಟ ಮಧ್ಯಾಹ್ನ. ಇಲ್ಲಮ್ಮಾ, ನೀರೇ ಹಾಗಿದೆ ಎಂದು ಹೇಳುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ತಮಗೆ ಬರೆದೆ. ತಾಳ್ಮೆಯಿಂದ ಕಾಯಿರಿ ಎಂದು ಉತ್ತರಿಸಿದಿರಿ. ಕಾದೆವು. ಚೌಕಟ್ಟಿಗೆ ತುಕ್ಕು ಹಿಡಿಯಿತು, ಗಾಜಿನ ಸಂದಿಗೆ ಮೆತ್ತಿದ್ದ ತಮ್ಮ ಲಪ್ಪ ಕರಗಿ ನೀರಿನ ಮೇಲೆ ಎಣ್ಣೆಯ ಪದರ ಕಟ್ಟಿತು. ಅದನ್ನೂ ಬರೆದೆ. ತೊಟ್ಟಿಯ ಗಾಜನ್ನು ಹೊರಗಿನಿಂದ ಒಣಬಟ್ಟೆಯಲ್ಲಿ ಒರೆಸಿರಿ ಎಂಬ ಅಮೂಲ್ಯ ಸಲಹೆ ಬಂತು. ಒಳಗಿನ ರೋಗಕ್ಕೆ ಹೊರಗೆ ಒರೆಸುವ ಈ ವೈದ್ಯವನ್ನು ತಾವು ದೊಡ್ಡ ಆಸ್ಪತ್ರೆಗಳಿಗೂ ಕಲಿಸಿಕೊಡಬೇಕೆಂದು ನನ್ನ ವಿನಂತಿ. ಇನ್ನು ತಮ್ಮ ಮೋಟಾರಿನ ಪ್ರತಾಪವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಅದು ನೀರಿಗೆ ಗಾಳಿ ಊದುವುದಕ್ಕಿಂತ ನಮ್ಮ ಅಟ್ಟದ ಹೆಂಚು ಅಲ್ಲಾಡಿಸುವುದರಲ್ಲಿ ಹೆಚ್ಚು ಶ್ರದ್ಧೆ ವಹಿಸುತ್ತದೆ. ಕರೆಂಟು ಹೋದಾಗ ನನ್ನ ಹೆಂಡತಿ ಗಂಗರತ್ನಮ್ಮ ಮಜ್ಜಿಗೆಯ ಕಡಗೋಲು ತಂದು ಸಮುದ್ರವನ್ನು ಕಡೆಯುತ್ತಾ ನಿಲ್ಲುತ್ತಾಳೆ. ಅಮೃತ ಇನ್ನೂ ಬಂದಿಲ್ಲ, ಅವಳ ಬಾಯಿಂದ ತಮ್ಮ ಬಗ್ಗೆ ಬರುವ ಮಾತುಗಳನ್ನು ಪತ್ರಿಕೆಯವರು ಅಚ್ಚು ಹಾಕುವುದಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ನಮ್ಮ ಕಡೆಯಿಂದಲೂ ಸ್ವಲ್ಪ ಸೇವೆ ಸಂದಿದೆ. ಮುನಿವೆಂಕಟಯ್ಯನ ಮನೆಗೆ ಸಮುದ್ರ ಬಂದಿದೆ ಎಂಬ ಸುದ್ದಿ ಊರಲ್ಲೆಲ್ಲ ಹರಡಿ, ಪಕ್ಕದ ಮನೆಯ ಮಾರಕ್ಕನವರ ಮುಂದಾಳತ್ವದಲ್ಲಿ ಹೆಂಗಸರು ಅರಿಸಿನ ಕುಂಕುಮ ಹಿಡಿದು ಬಂದರು. ಎಲ್ಲ ತೀರ್ಥವೂ ಕೊನೆಗೆ ಸೇರುವುದು ಸಮುದ್ರಕ್ಕೇ ತಾನೇ, ಅದು ತಾನಾಗಿ ಮನೆ ಬಾಗಿಲಿಗೆ ಬಂದರೆ ಬಿಡುತ್ತಾರೆಯೇ? ನಾನು ಕೆಲಸಕ್ಕೆ ಹೋದ ಮೇಲೆ ದಿನವೂ ಬಂದು ಒಂದಿಷ್ಟು ಹಾಲೆರೆದು, ಮನೆಗೆ ಪ್ರೋಕ್ಷಣೆ ಮಾಡಲು ಒಂದೊಂದು ಚೊಂಬು ಸಮುದ್ರ ತೆಗೆದುಕೊಂಡು ಹೋಗುತ್ತಿದ್ದರು. ಬರೀ ತೆಗೆದುಕೊಂಡಿದ್ದರೆ ನನಗೆ ಅಂದೇ ತಿಳಿಯುತ್ತಿತ್ತು. ಆದರೆ ನಮ್ಮೂರಿನವರು ಮರ್ಯಾದಸ್ಥರು, ಪರರ ವಸ್ತುವನ್ನು ಕಡಿಮೆ ಮಾಡಿ ಹೋಗುವವರಲ್ಲ. ತೆಗೆದ ಪ್ರತಿ ಚೊಂಬಿಗೂ ಬಾವಿಯಿಂದ ಅಷ್ಟೇ ನೀರು ಸೇದಿ ತಂದು ತುಂಬಿಸಿಯೇ ಹೋಗುತ್ತಿದ್ದರು. ತಾವು ಕಳಿಸಿದ, ಉಪ್ಪು ಅಳೆಯುವ ಗಾಜಿನ ಬುರುಡೆ, ನೀರು ಸಪ್ಪೆಯಾದಂತೆಲ್ಲ ಮುಳುಗುತ್ತಾ ಮುಳುಗುತ್ತಾ ತಳ ಸೇರಿದ ದಿನ ನಾನು ರಜಾ ಹಾಕಿ ಕುಳಿತು ಕಣ್ಣಾರೆ ಕಂಡೆ. ಅಮ್ಮನನ್ನು ಕೇಳಿದರೆ, “ಸಮುದ್ರಕ್ಕೆ ಬಂದೋರ್ನ ಬ್ಯಾಡ ಅನ್ನಕ್ಕಾಯ್ತದಾ?” ಎಂದರು. ತಮ್ಮ ಕೈಪಿಡಿಯನ್ನು ತಿರುವಿ ಹಾಕಿದೆ. ಸಮುದ್ರವನ್ನು ಪೂಜಿಸಬಾರದು ಎಂಬ ಸೂಚನೆ ಎಲ್ಲಿಯೂ ಇಲ್ಲ. ದಯಮಾಡಿ ಮುಂದಿನ ಮುದ್ರಣದಲ್ಲಿ ಸೇರಿಸತಕ್ಕದ್ದು.

ಕೊನೆಗೆ ತಮ್ಮ ಸಲಹೆ ಕೇಳುವುದನ್ನೇ ಬಿಟ್ಟೆ. ಮತ್ತೆ ದುಡ್ಡು ತೆತ್ತು ಸಮುದ್ರದ ಹೊಸ ಜಾಡಿಗಳನ್ನು ತರಿಸಿ, ಮೀನನ್ನು ಅದರಲ್ಲೊಂದಕ್ಕೆ ಬಿಟ್ಟು, ಮರಳನ್ನು ತೊಳೆದ ನೀರು ತಿಳಿಯಾಗುವವರೆಗೂ ತೊಳೆದು, ಲಪ್ಪ ಕೆರೆದು ತೆಗೆದು ಸಂದಿಗೆ ಡಾಂಬರು ಬಳಿದು ಒಣಗಿಸಿ, ಮೇಲೊಂದು ಹಲಗೆ ಮುಚ್ಚಿ, ಹಲಗೆಯ ಮೇಲೆ ರಾಗಿ ಬೀಸುವ ಕಲ್ಲು ಹೇರಿದೆ. ಹೋದ ಭಾನುವಾರ ಬೆಳಿಗ್ಗೆ ನೀರು ತಿಳಿಯಾಗಿತ್ತು. ಮೀನಿನ ಒಂದೊಂದು ಪಟ್ಟೆಯೂ ಕಾಣುತ್ತಿತ್ತು. ಅಮ್ಮನನ್ನು ಕೈಹಿಡಿದು ಕರೆತಂದು ಕೂರಿಸಿದೆ. ಅವರು ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಮುಖವಿಟ್ಟು ನೋಡಿದರು. ಆಯಿತು, ನನ್ನ ಪಾಡು ಸಾರ್ಥಕವಾಯಿತು ಎಂದುಕೊಂಡೆ.

ಮೀನು ಈ ಗಾಜಿನಿಂದ ಆ ಗಾಜಿಗೆ ಹೋಗುತ್ತಿತ್ತು, ತಿರುಗುತ್ತಿತ್ತು, ಮತ್ತೆ ಈ ಗಾಜಿಗೆ ಬರುತ್ತಿತ್ತು. ಅಮ್ಮ ಅದನ್ನೇ ನೋಡುತ್ತಾ ಬಹಳ ಹೊತ್ತು ಕುಳಿತಿದ್ದು, “ಇದ್ರ ಕಡೆಯೋರು ಯಾರೂ ಇಲ್ವೇನಪ್ಪಾ?” ಎಂದು ಕೇಳಿದರು. “ಪಾಪ, ದಾರಿ ಉಡುಕ್ತಾ ಐತೆ. ನಡಿ, ಇದ್ನ ಅದ್ರ ಮನೆಗೆ ಬಿಟ್ಬುಟ್ಟು ಬರಾನ” ಎಂದರು. ಹಸುಗಳು ಎಂದೆ. “ಮಾರಕ್ಕ ಕರ್ಕಂತಾಳೆ ಬಿಡು. ಒದ್ರೆ ಒದಿಸ್ಕಂತಾಳೆ” ಎಂದರು. ತನಗಾಗಿ ಹಟ್ಟಿ ದಾಟಲು ಒಪ್ಪದ ನನ್ನ ತಾಯಿ, ತಾವು ಜಾಡಿಯಲ್ಲಿ ತುಂಬಿ ಕಳಿಸಿದ ಒಂದು ಮೀನಿಗಾಗಿ ಅಂದೇ ಬುತ್ತಿ ಕಟ್ಟಲು ಎದ್ದರು. ಮಾನ್ಯರೇ, ಸತ್ಯವಾಗಿ ಹೇಳುತ್ತೇನೆ, ಅಲ್ಲಿಯವರೆಗೆ ತಮಗೆ ಹಾಕಿದ ಶಾಪದಲ್ಲಿ ಅರ್ಧವನ್ನು ಆಗಲೇ ಹಿಂತೆಗೆದುಕೊಂಡೆ.

ಉಳಿದರ್ಧ ಹಾಗೇ ಇದೆ. ಆದರೂ ತಾವು ಸರಕು ಹಿಂದಕ್ಕೆ ಪಡೆಯಬೇಕೆಂದಾಗಲಿ, ಕ್ಷಮೆ ಕೇಳಬೇಕೆಂದಾಗಲಿ ನಾನು ಒತ್ತಾಯಿಸುವುದಿಲ್ಲ. ನನಗೆ ರಜೆ ಸಿಕ್ಕಿರುವ ಮುಂದಿನ ಶನಿವಾರದ ಮದರಾಸು ಮೈಲಿನಲ್ಲಿ ಅಮ್ಮ, ನಾನು, ಮೀನು ಮೂವರೂ ಬರುತ್ತಿದ್ದೇವೆ. ಅಂದು ಒಂದು ದಿನದ ಮಟ್ಟಿಗೆ ತಮ್ಮ ಸಿಬ್ಬಂದಿಯನ್ನು ಸಮುದ್ರದ ದಂಡೆಯಿಂದ ದೂರವಿಟ್ಟು, ತಾವು ‘ಚೆನ್ನಾಗಿ ತೊಳೆದ’ ಮರಳೇನಾದರೂ ಉಳಿದಿದ್ದರೆ ಅದು ನೀರಿಗೆ ಬೀಳದಂತೆ ನೋಡಿಕೊಂಡು, ಅಮ್ಮ ನೋಡಿ ಮುಗಿಸುವವರೆಗೆ ಬಂಗಾಳ ಕೊಲ್ಲಿಯನ್ನು ತಿಳಿಯಾಗಿ ಇರಿಸಿಕೊಡಬೇಕೆಂದು ಕೋರುತ್ತೇನೆ.

ತಮ್ಮ ಕ್ಯಾಟಲಾಗುಗಳನ್ನು ಇಂದಿಗೂ ಒಲೆ ಹೊತ್ತಿಸಲು ಜೋಪಾನವಾಗಿಟ್ಟಿರುವ,
ತಮ್ಮ ವಿಶ್ವಾಸಿ,
ಮುನಿವೆಂಕಟಯ್ಯ
ಹೆಬ್ಬಾಳ, ೧೯೬೩

ಮರೆತ ಮಾತು: ಅಷ್ಟು ದೊಡ್ಡ ಸಮುದ್ರವನ್ನು ಪಕ್ಕದಲ್ಲೇ ಇಟ್ಟುಕೊಂಡು ವ್ಯಾಪಾರ ಮಾಡುವ ಆ ಮಹಾನುಭಾವರು ಒಂದು ದಿನವಾದರೂ ಹೋಗಿ ಅದನ್ನು ನೋಡಿದ್ದಾರೆಯೇ ಎಂದು ಅಮ್ಮ ಕೇಳುತ್ತಿದ್ದಾರೆ. ಇಲ್ಲವಾದರೆ ತಾವೂ ನಮ್ಮ ಜೊತೆ ಬರಬಹುದು. ಮೀನಿನ ಜಾಡಿ ಹಿಡಿಯಲು ನನಗೆ ಒಂದು ಕೈ ಬೇಕಾಗುವುದರಿಂದ, ಮರಳಿನ ಮೇಲೆ ಅಮ್ಮನ ಇನ್ನೊಂದು ತೋಳು ಹಿಡಿದು ನಡೆಸಲು ಒಬ್ಬರು ಬೇಕಾಗಿದ್ದಾರೆ.