ಕಿತ್ತಳೆ ಬಣ್ಣದ ಬೆಂಕಿ

ಬೆಂಕಿ ಬಿದ್ದರೆ ಮೊದಲು ನಿಮ್ಮನ್ನೇ ಎತ್ತಿಕೊಂಡು ಹೊರಗೆ ಬರುತ್ತೇನೆ ಎಂದು ನಾಗಭೂಷಣ್ ಮನೆ ಓನರ್ ಜಾನಕಮ್ಮನಿಗೆ ಮಾತು ಕೊಟ್ಟು ವರ್ಷಗಳೇ ಆಗಿದ್ದವು. ಮಲ್ಲೇಶ್ವರದಲ್ಲಿ ಅಷ್ಟು ಕಡಿಮೆ ಬಾಡಿಗೆಗೆ ಮನೆ ಸಿಗುವುದಾದರೆ ಆನೆಯನ್ನೂ ಎತ್ತುತ್ತೇನೆ ಎನ್ನುತ್ತಿದ್ದ. ಆಗ ಜಾನಕಮ್ಮ ಆನೆಯಂತಿರಲಿಲ್ಲ. ಈಗ ಮಂಡಿನೋವೆಂದು ಮಹಡಿ ಇಳಿಯುವುದೇ ಅಪರೂಪ. ದೀಪಾವಳಿ ಬಂದರೆ ಸಾಕು, ಮೇಲಿನಿಂದಲೇ ಕೇಳುತ್ತಿದ್ದರು: "ಭೂಷಣಾ, ಮಾತು ನೆನಪಿದೆ ತಾನೆ? ತಪ್ಪಿದ್ರೆ ಮನೆ ಖಾಲಿ ಮಾಡ್ಬೇಕು, ಅಷ್ಟೆ."

ಆ ಭಾನುವಾರ ಹೆಂಡತಿ ಕೋಕಿಲಾ ಮಾರ್ಕೆಟ್ಟಿಗೆ ಹೋಗಿದ್ದಳು. ಹಾಲು ಕಾಯಿಸಲು ನಾಗಭೂಷಣ್ ಗ್ಯಾಸ್ ಹಚ್ಚಿದ. ದಿನವೂ ನೀಲಿಯಾಗಿ ಸಾಧುವಿನಂತೆ ಉರಿಯುತ್ತಿದ್ದ ಬೆಂಕಿ ಕಿತ್ತಳೆ ಬಣ್ಣಕ್ಕೆ ತಿರುಗಿ ನಾಲಿಗೆ ಚಾಚಿತು. ಆರಿಸಿದ, ಹಚ್ಚಿದ. ಮತ್ತೆ ಅದೇ. ಎಲ್ಲೋ ಡಬ್ ಡಬ್ ಎನ್ನುತ್ತಿತ್ತು. ತನ್ನ ಎದೆಯೇ ಇರಬೇಕೆಂದುಕೊಂಡ.

ಕರೆಯುವ ಮೊದಲೇ ಪಕ್ಕದ ಮನೆಯ ಅನಿಲ್ ಕುಮಾರ್ ಬಂದಾಗಿತ್ತು.

"ಗಾಳಿ ಸಾಕಾದ್ರೆ ನೀಲಿ, ಕಮ್ಮಿಯಾದ್ರೆ ಹಳದಿ ಸಾರ್. ಬೆಂಕಿ ಹಂಗೇ ಪೈಪೊಳಗೆ ವಾಪಸ್ ಹೋದ್ರೆ ಸಿಲಿಂಡರ್ ಢಂ!"

ಬರ್ನರಿನ ತೂತುಗಳನ್ನೆಲ್ಲ ಪಿನ್ನಿನಿಂದ ಚುಚ್ಚಿದರು. ಬಣ್ಣ ಬದಲಾಗಲಿಲ್ಲ. ಅಷ್ಟರಲ್ಲಿ ಎದುರುಮನೆಯ ಶೀನಣ್ಣ, ರಿಟೈರಾದ ಕೆಮಿಸ್ಟ್ರಿ ಮೇಷ್ಟ್ರು, ಬಂದು ಪಾತ್ರೆಯ ತಳ ಸವರಿ ನೋಡಿದರು.

"ಮಸಿ ಹಿಡಿದಿಲ್ಲ. ಅಂದ್ರೆ ಗ್ಯಾಸ್ ಸರಿಯಾಗೇ ಇದೆ. ಇಲ್ಲಿನ ಗಾಳೀಲೇ ಏನೋ ಬೆರೆತಿದೆ."

"ಏನು ಸಾರ್?"

"ಅದೇ ಗೊತ್ತಾಗ್ತಿಲ್ಲ."

ಮೇಷ್ಟ್ರಿಗೇ ಗೊತ್ತಿಲ್ಲವೆಂದ ಮೇಲೆ ಮುಗಿಯಿತು. ಮೂವರೂ ಒಟ್ಟಿಗೆ ಬಾಗಿಲಿಗೆ ನುಗ್ಗಿ, ಸಿಕ್ಕಿಕೊಂಡು, ಬಿಡಿಸಿಕೊಂಡು ಬೀದಿಗೆ ಬಿದ್ದರು. ನಾಗಭೂಷಣನ ಮೈಮೇಲೆ ಬನಿಯನ್ನು, ಟವೆಲ್ಲು.

"ಮೇಲೆ ಜಾನಕಮ್ಮ ಇದಾರಲ್ಲ ಸಾರ್!" ಅನಿಲ್ ಕೂಗಿದ. "ನೀವು ಮಾತು ಬೇರೆ ಕೊಟ್ಟಿದೀರಂತೆ!"

ಮನೆ ಉಳಿಯಬೇಕಿದ್ದರೆ ಹತ್ತಲೇಬೇಕು. ಟವೆಲ್ಲು ಬಿಗಿದುಕೊಂಡು ಮೆಟ್ಟಿಲು ಹತ್ತಿದ. ಜಾನಕಮ್ಮ ಅಡುಗೆಮನೆಯ ಕಿಟಕಿಯ ಬಳಿ ಕುಳಿತು ಕುಟ್ಟಾಣಿಯಲ್ಲಿ ಏನೋ ಕುಟ್ಟುತ್ತಿದ್ದರು. ಕಣ್ಣು ಮುಚ್ಚಿ ಎತ್ತಿಯೇಬಿಟ್ಟ.

"ಅಯ್ಯೋ, ಬಿಡೋ! ಹುಚ್ಚು ಹಿಡೀತೇನೋ? ಒಲೆ..."

"ಒಲೇದೇ ಕಾಟ ಅಮ್ಮಾ! ಮಾತಾಡ್ಬೇಡಿ!"

ಮೆಟ್ಟಿಲಿಗೊಂದು ರಾಗದಂತೆ ಸೊಂಟ ಹಾಡಿತು. ಗೇಟಿನಾಚೆ ಅವರನ್ನಿಳಿಸಿ ಅಲ್ಲೇ ಕುಸಿದ. ಜಾನಕಮ್ಮನ ಸೀರೆಯ ತುಂಬ ಬಿಳಿ ಪುಡಿ. ಶೀನಣ್ಣ ಅದನ್ನು ಬೆರಳಲ್ಲಿ ಮುಟ್ಟಿ ನೆಕ್ಕಿದರು.

"ಉಪ್ಪು!"

"ಉಪ್ಪಿನಕಾಯಿಗೆ ಕಲ್ಲುಪ್ಪು ಕುಟ್ತಿದ್ದೆ. ತಪ್ಪಾ?"

ಮೇಷ್ಟ್ರ ಮುಖ ಅರಳಿತು. "ಉಪ್ಪಿನ ಸೋಡಿಯಂ ಉರೀಗೆ ಬಿದ್ರೆ ಹೀಗೇ, ಹಳದಿ, ಕಿತ್ತಳೆ. ತಾಮ್ರ ಬಿದ್ರೆ ಹಸಿರು. ಪಟಾಕಿ ಬಣ್ಣದ ಗುಟ್ಟೇ ಇದು! ಕಿಟಕಿಯಿಂದ ಪುಡಿ ನಿಮ್ಮ ಒಲೆಗೆ ಇಳಿದಿದೆ ಕಣಯ್ಯಾ. ಭಯ ಪಡೋಂಥದ್ದು ಏನಿಲ್ಲ."

ಬೀದಿಯೆಲ್ಲ ನಕ್ಕಿತು. ನಾಗಭೂಷಣನೂ ಸೊಂಟ ಹಿಡಿದುಕೊಂಡೇ ನಕ್ಕ.

"ನಗ್ತೀಯಾ?" ಜಾನಕಮ್ಮ ಗದರಿದರು. "ಒಲೆ ಮೇಲೆ ಎಣ್ಣೆ ಕಾಯ್ತಿದೆ ಅನ್ನೋಕೂ ಬಿಡ್ಲಿಲ್ವಲ್ಲೋ!"

ಎಲ್ಲರ ತಲೆಯೂ ಮೇಲೆದ್ದಿತು. ಮಹಡಿಯ ಕಿಟಕಿಯಿಂದ ಕಪ್ಪು ಹೊಗೆ ಬಂತು, ಹಿಂದೆಯೇ ಉರಿ.

"ಇದು ಉಪ್ಪಿನದಲ್ಲ, ಮಸಿ ಕಾದು ಹೊಳೆಯೋ ಹಳದಿ," ಎಂದರು ಶೀನಣ್ಣ.

ಫೈರ್ ಎಂಜಿನ್ ಬಂದು ಆರಿಸುವಷ್ಟರಲ್ಲಿ ಮಹಡಿಯ ಅಡುಗೆಮನೆ ಕಾಡಿಗೆ ಡಬ್ಬಿಯಾಗಿತ್ತು. ಜಾನಕಮ್ಮ ಮೂಗಿಗೆ ಸೆರಗು ಹಿಡಿದು ಹೇಳಿದರು: "ಇನ್ನು ನಾನು ಕೆಳಗಿನ ಮನೇಲೇ ಇರ್ತೀನಿ. ನೀನು ಬೇರೆ ಮನೆ ನೋಡ್ಕೋ ಭೂಷಣಾ."

ಬೆಂಕಿ ಬಿದ್ದಾಗ ಜಾನಕಮ್ಮ ಹೊರಗಿದ್ದರು. ನಾಗಭೂಷಣ್ ಕೊಟ್ಟ ಮಾತು ಉಳಿಸಿಕೊಂಡಿದ್ದ.