ಕಪಾಟು ಸೇರಿದ ಅಮ್ಮನ ಕೈರುಚಿ

ಹೈಮೆ ಗುರ್ವಿಚ್ ಮಾಡಿದ ತಪ್ಪು ಒಂದೇ: ಹಬ್ಬದ ಶುದ್ಧಿಯಲ್ಲಿ ಅತಿ ಶ್ರದ್ಧೆ ತೋರಿಸಿದ್ದು. ಯೆಹೂದಿಗಳ ಪೇಸಹ್ ಹಬ್ಬದ ಎಂಟು ದಿನ, ಹುಳಿ ಬರುವ ಮೊದಲೇ ಅವಸರದಲ್ಲಿ ಸುಟ್ಟ ಮಾತ್ಸಾ ರೊಟ್ಟಿಯೊಂದನ್ನು ಬಿಟ್ಟು ಗೋಧಿ, ಬಾರ್ಲಿಯದು ಯಾವುದೂ ಮನೆಯಲ್ಲಿ ಇರಕೂಡದು. ಹಾಗಾಗಿ ಹಿಟ್ಟು, ಬಿಸ್ಕತ್ತು, ವಿಸ್ಕಿ ಎಲ್ಲವನ್ನೂ ಒಂದು ಕಪಾಟಿಗೆ ತುಂಬಿ, ಬೆಳಿಗ್ಗೆಯೇ ಅದನ್ನು ಕಟ್ಟಡದ ಕಾವಲುಗಾರ ಅನಿಸೆತೊಗೆ ಪತ್ರ ಬರೆದು ಮಾರಿ, ಕೀಲಿಕೈಯನ್ನೂ ಒಪ್ಪಿಸಿದ್ದ. ಅನಿಸೆತೊ ಯೆಹೂದಿಯಲ್ಲ, ಏನು ಬೇಕಾದರೂ ಇಟ್ಟುಕೊಳ್ಳಬಹುದು. ಹಬ್ಬ ಮುಗಿದ ಮೇಲೆ ಹೈಮೆ ತಿರುಗಿ ಕೊಂಡುಕೊಳ್ಳುತ್ತಾನೆ. ವಿಲ್ಯ ಕ್ರೆಸ್ಪೊ ಬಡಾವಣೆಯಲ್ಲಿ ಎಷ್ಟೋ ಕಪಾಟುಗಳು ಪ್ರತಿ ವರ್ಷ ಹೀಗೆ ಎಂಟು ದಿನ ಬೇರೆಯವರ ಪಾಲಾಗುತ್ತವೆ.

ಆದರೆ ಹಾಳೆಗಳ ಸಂದಿಯಲ್ಲಿ ಹಿಟ್ಟು ಕೂತಿದೆಯೆಂದು ಹೈಮೆ ಅಮ್ಮನ ಅಡುಗೆ ಪುಸ್ತಕವನ್ನೂ ಆ ಕಪಾಟಿಗೇ ಸೇರಿಸಿಬಿಟ್ಟಿದ್ದ.

ಅದು ನೆನಪಾಗುವ ಹೊತ್ತಿಗೆ ರೊಸಾರಿಯೋದಿಂದ ಅಕ್ಕ ಫಾನಿ ಫೋನು ಮಾಡಿಯಾಗಿತ್ತು.

"ಲೋ ಹೈಮೆ, ಸಂಜೆ ನಾವೆಲ್ಲ ಬರ್ತೀವಿ. ಅಮ್ಮ ಹೋದ್ಮೇಲೆ ಇದು ಮೊದಲ್ನೇ ಹಬ್ಬ. ಸಾರಿನೊಳಗಿನ ಉಂಡೆ ಅಮ್ಮನ ಥರಾನೇ ಬಂದ್ರೆ ಹಬ್ಬ ಆ ಮನೇಲೇ ಇರ್ಲಿ. ಬರ್ಲಿಲ್ಲ ಅಂದ್ರೆ ಮುಂದಿನ ವರ್ಷದಿಂದ ನಮ್ಮನೇಲಿ. ಅಮ್ಮನ ಊಟದ ಮೇಜೂ ನಮ್ಮನೆಗೆ."

"ಬರುತ್ತಕ್ಕ. ಬಂದೇ ಬರುತ್ತೆ," ಎಂದಿದ್ದ ಹೈಮೆ. ಐವತ್ತೆಂಟು ವರ್ಷದಿಂದ ಅವನು ಪ್ರತಿ ಪೇಸಹ್‌ಗೂ ಊಟ ಮಾಡಿದ್ದು ಆ ಮೇಜಿನ ಮೇಲೆಯೇ. ಅದನ್ನು ಲಾರಿಗೆ ಹಾಕುವುದನ್ನು ನೋಡುವ ಶಕ್ತಿ ಅವನಿಗಿರಲಿಲ್ಲ.

ನೆನಪಿನಿಂದಲೇ ಶುರುಮಾಡಿದ. ಮಾತ್ಸಾ ಪುಡಿ, ಮೊಟ್ಟೆ, ಕೋಳಿಯ ಕೊಬ್ಬು. ಮೊದಲ ಸಲ ಉಂಡೆಗಳು ಪಾತ್ರೆಯ ತಳಕ್ಕೆ ಬಿದ್ದ ಸದ್ದಿಗೆ ಮೇಲಿನ ಮಹಡಿಯ ದೋನ್ಯಾ ಲೂನಾ ಇಳಿದು ಬಂದಳು. ಲೂನಾಳ ಹಿರಿಯರು ತುರ್ಕಿಯಿಂದ ಬಂದವರು. ಅವರ ಪದ್ಧತಿಯಲ್ಲಿ ಪೇಸಹ್‌ಗೂ ಅನ್ನ ನಡೆಯುತ್ತದೆ, ಹೈಮೆಯವರಲ್ಲಿ ಅದೂ ಇಲ್ಲ. ಹಾಗಾಗಿ ಹೈಮೆಯ ಮನೆತನದ ಅಡುಗೆಯ ಬಗ್ಗೆ ಅವಳಿಗೆ ಮೊದಲಿನಿಂದಲೂ ಕನಿಕರ.

"ಏನಪ್ಪಾ ಇದು, ಗೋಡೆ ಕಟ್ತೀಯಾ? ಸ್ವಲ್ಪ ಸೋಡಾ ನೀರು ಹಾಕು."

ಹಾಕಿದ. ಎರಡನೆಯ ಸಲದ ಉಂಡೆಗಳು ಕರಗಿ ಗಂಜಿಯಾದವು.

"ಅಷ್ಟೊಂದು ಹಾಕು ಅಂದ್ನಾ ನಾನು? ಬಿಡಪ್ಪಾ, ಸುಮ್ನೆ ಅನ್ನ ಮಾಡು."

"ದೋನ್ಯಾ ಲೂನಾ, ನಾನು ಇವತ್ತು ಸತ್ರೂ ಉಂಡೆ ಮಾಡೇ ಸಾಯೋದು," ಎಂದ ಹೈಮೆ, ಮತ್ತೆ ಆರು ಮೊಟ್ಟೆ ಒಡೆದ. ಮೂರನೆಯ ಸಲದ್ದನ್ನು ಬಾಯಿಗಿಟ್ಟ ಲೂನಾ ಕೆನ್ನೆ ಹಿಡಿದುಕೊಂಡು, ಹಲ್ಲು ಎಣಿಸುವವಳ ಹಾಗೆ ನಾಲಿಗೆ ಆಡಿಸುತ್ತ ಕೂತಳು.

ಇನ್ನು ಪುಸ್ತಕವೇ ಗತಿ. ಹೈಮೆ ಏಪ್ರನ್ನಿನಲ್ಲೇ ಕೆಳಗೋಡಿದ.

"ಅನಿಸೆತೊ, ಕಪಾಟಿನ ಕೀಲಿಕೈ ಒಂದ್ನಿಮಿಷ ಕೊಡು."

ಅನಿಸೆತೊ ಮಾತೆ ಎಲೆಯ ಕಷಾಯ ಹೀರುತ್ತ ಯೋಚಿಸಿದ. "ದೋನ್ ಹೈಮೆ, ತಪ್ಪು ತಿಳ್ಕೋಬೇಡಿ. ಬೆಳಿಗ್ಗೆ ನೀವೇ ಹೇಳಿದ್ರಿ, ಇದು ನಾಟಕ ಅಲ್ಲ, ನಿಜವಾದ ಮಾರಾಟ ಅಂತ. ಕಪಾಟು ಈಗ ನಂದು. ಬೇಕಾದ್ರೆ ನಾನೇ ಬಂದು ತೆಗೀತೀನಿ."

ಬಂದ. ಬರುವಾಗ ತಲೆಗೆ ನೀರು ಹಚ್ಚಿ ಬಾಚಿಕೊಂಡು ಬಂದ. ಬೀಗ ತೆಗೆದು ತನ್ನ ಆಸ್ತಿಯನ್ನೆಲ್ಲ ಒಮ್ಮೆ ಕಣ್ತುಂಬ ನೋಡಿದ. ಬಿಸ್ಕತ್ತಿನ ಪೊಟ್ಟಣ ಒಡೆದು ಎರಡು ತಿಂದ, ವಿಸ್ಕಿಯನ್ನು ಲೋಟಕ್ಕೆ ಬಗ್ಗಿಸಿಕೊಂಡ. ಹೈಮೆ ಪುಸ್ತಕದ ಕಡೆ ಬೆರಳು ತೋರಿಸಿದ.

"ಪುಸ್ತಕ ನೀನೇ ಹಿಡ್ಕೊಂಡು ಪುಟ ತಿರುಗ್ಸು. ಅದ್ರಲ್ಲಿ ಹಿಟ್ಟಿದೆ, ನಾನು ಮುಟ್ಟೋ ಹಾಗಿಲ್ಲ. ಇಲ್ಲಿಂದಾನೇ ಓದ್ತೀನಿ."

ಪುಸ್ತಕ ಯಿದ್ದಿಶ್ ಭಾಷೆಯಲ್ಲಿತ್ತು, ಅಲ್ಲಿದ್ದವರಲ್ಲಿ ಅದು ಬರುತ್ತಿದ್ದದ್ದು ಹೈಮೆಯೊಬ್ಬನಿಗೇ. ಅನಿಸೆತೊ ತಲೆಕೆಳಗಾಗಿ ಹಿಡಿದ, ಲೂನಾ ಬೈದಳು, ಅವನು ತಿರುಗಿಸಿ ಹಿಡಿದ. ಹೈಮೆ ಬಾಗಿಲಲ್ಲಿ ನಿಂತು ಕನ್ನಡಕ ಸರಿಮಾಡಿಕೊಂಡು ಅಮ್ಮನ ಅಕ್ಷರ ಮನಸ್ಸಿನಲ್ಲೇ ಓದಿದ:

"ಪೇಸಹ್ ಉಂಡೆ. ಮೊಟ್ಟೆ ನಾಲ್ಕು. ಮಾತ್ಸಾ ಪುಡಿ ಎರಡು ಲೋಟ. ಬರೀ ಇದರಲ್ಲೇ ಮಾಡಿದರೆ ಕಲ್ಲಾಗುತ್ತದೆ, ಎರಡು ಹಿಡಿ ಗೋಧಿ ರವೆ ಬೆರೆಸಬೇಕು. ದೇವರಿಗೆ ಗೊತ್ತಿದೆ, ಇದುವರೆಗೆ ಏನೂ ಅಂದಿಲ್ಲ. ಹೈಮೆಗೆ ಗೊತ್ತಾಗಬಾರದು."

ಹೈಮೆ ಆ ಸಾಲುಗಳನ್ನು ಇನ್ನೊಮ್ಮೆ ಓದಿದ. ವರ್ಷವರ್ಷವೂ ಮೊಂಬತ್ತಿ ಹಿಡಿದು ಸೋಫಾದ ಸಂದಿಯಲ್ಲಿ ಬ್ರೆಡ್ಡಿನ ಚೂರು ಹುಡುಕಿದವನು, ಹಬ್ಬದ ರಾತ್ರಿ ಬೇಡಿ ಬೇಡಿ ಎಂಟೆಂಟು ರವೆಯುಂಡೆ ತಿಂದಿದ್ದ!

"ಏನ್ ಬರ್ದಿದ್ದಾಳೆ ನಿಮ್ಮಮ್ಮ?" ಲೂನಾ ಕೇಳಿದಳು.

"ಉಪ್ಪು... ಉಪ್ಪು ಕಮ್ಮಿ ಹಾಕ್ಬೇಕಂತೆ," ಎಂದ.

ಮನಸ್ಸಿನಲ್ಲಿ ಅವನು ಅಲ್ಲೇ ನಿಶ್ಚಯಿಸಿದ. ರವೆ ಮುಟ್ಟುವುದಿಲ್ಲ. ಅಮ್ಮನ ಹೆಸರಿಗೂ ಮಸಿ ಬಳಿಯುವುದಿಲ್ಲ. ಮೇಜು ಹೋದರೆ ಹೋಗಲಿ. ಅಮ್ಮ ಪೇಸಹ್‌ನಲ್ಲಿ ರವೆ ಬಡಿಸಿದಳೆಂಬ ಮಾತು ತನ್ನ ಬಾಯಿಂದ ಬರಕೂಡದು. ಕಣ್ಣೊರೆಸಿಕೊಂಡು ನಾಲ್ಕನೆಯ ಸಲ ಉಂಡೆ ಕಟ್ಟಿದ.

ಸಂಜೆ ಫಾನಿ, ಅವಳ ಗಂಡ, ಇಬ್ಬರು ಹೆಣ್ಣುಮಕ್ಕಳು, ಜೊತೆಗೆ ಲೂನಾ ಮೇಜಿನ ಸುತ್ತ ಕೂತರು. ಪ್ರಾರ್ಥನೆಯಾಯಿತು, ಸಾರು ಬಂತು. ಫಾನಿ ಉಂಡೆಗೆ ಚಮಚ ಒತ್ತಿದಳು. ಉಂಡೆ ತಟ್ಟೆಯಿಂದ ಹಾರಿ ಭಾವನ ತೊಡೆಯ ಮೇಲೆ ಬಿತ್ತು.

ಯಾರೂ ನಗಲಿಲ್ಲ.

"ನನ್ನ ಕೈಲಿ ಆಗ್ಲಿಲ್ಲಕ್ಕ," ಎಂದ ಹೈಮೆ, ತಲೆಯೆತ್ತಿಯೇ. "ಅಮ್ಮನ ಕೈ ಅಮ್ಮನದೇ. ಮೇಜು ತಗೊಂಡ್ಹೋಗು." ಅಮ್ಮನನ್ನು ಕಾಪಾಡಿದೆನೆಂಬ ಹೆಮ್ಮೆಯಲ್ಲಿ ಮೇಜಿನ ಅಂಚನ್ನೊಮ್ಮೆ ಸವರಿದ.

ಫಾನಿ ಅವನ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಮುಚ್ಚಿದಳು.

"ಲೋ ಪೆದ್ದ, ರವೆ ಹಾಕ್ಲಿಲ್ವೇನೋ?"

"ನಿಂಗೆ... ನಿಂಗೊತ್ತಾ?"

"ನಂಗೇನು, ನಿಮ್ಮ ಭಾವಂಗೊತ್ತು, ಮಕ್ಕಳಿಗೊತ್ತು. ಅಪ್ಪಂಗೂ ಗೊತ್ತಿತ್ತು. ನಿಂಗೊಬ್ಬಂಗೆ ಹೇಳ್ಬಾರ್ದು, ಪಾಪ ನೊಂದ್ಕೋತಾನೆ ಅಂತ ಅಮ್ಮ ಎಲ್ಲರ ಹತ್ರಾನೂ ಆಣೆ ಹಾಕಿಸ್ಕೊಂಡಿದ್ಲು." ಫಾನಿ ಅವನ ಏಪ್ರನ್ನಿನ ಗಂಟು ಬಿಚ್ಚಿದಳು. "ಮೇಜಿಗೆ ಸೋಮವಾರ ಲಾರಿ ಕಳಿಸ್ತೀನಿ. ಮುಂದಿನ ವರ್ಷ ನೀನೂ ಬಾ. ಗೊತ್ತಾಯ್ತಲ್ಲ, ಇನ್ಮೇಲೆ ಹೇಗೂ ಉಂಡೆ ತಿನ್ನಲ್ಲ ನೀನು. ನಿಂಗೆ ಒಂದು ಮೊಟ್ಟೆ ಬೇಯಿಸಿ ಇಡ್ತೀನಿ."